ಅರೋರಾ ಬೆಳಕಿನಡಿ ಮದುವೆ: ಟ್ರೊಮ್ಸೊ, ಲ್ಯಾಪ್‌ಲ್ಯಾಂಡ್, ಕಿರುನಾ – ಯಾರಿಗೆ ಯಾವುದು?

ಉತ್ತರ ಧ್ರುವದ ಸುತ್ತಲಿನ ಆರ್ಕ್ಟಿಕ್‌ನಲ್ಲಿ ರಾತ್ರಿ ಆಕಾಶದಲ್ಲಿ ಬಣ್ಣದ ಬೆಳಕು ಮೂಡುತ್ತದೆ, ಅದೇ ಅರೋರಾ. ಅಲ್ಲಿ ಮದುವೆ ಆಗಬೇಕು ಅಂದುಕೊಂಡವರು ಮೊದಲು ಕೇಳುವುದು ‘ಅರೋರಾ ಎಲ್ಲಿ ಚೆನ್ನಾಗಿ ಕಾಣುತ್ತದೆ?’ ಅಂತ. ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು. ಅರೋರಾ ಕಾಣದೇ ಹೋದರೂ ನಮ್ಮ ಮದುವೆ ಎಲ್ಲಿ ಚೆನ್ನಾಗಿ ನಡೆಯುತ್ತದೆ? ಈ ಪ್ರಶ್ನೆಗೆ ಸಿಗುವ ಉತ್ತರವೇ ನಿಮ್ಮ ಜಾಗ. ಕೆಳಗಿನ ಹೋಲಿಕೆಯನ್ನೂ ಇದೇ ಅಳತೆಯಲ್ಲಿ ಮಾಡಿದ್ದೇನೆ.

ಅರೋರಾ ಮೂಡುವುದು ಹೀಗೆ: ಸೂರ್ಯನಿಂದ ಹೊರಟ ವಿದ್ಯುದಾವೇಶದ ಕಣಗಳು ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿ, ಧ್ರುವದ ಸುತ್ತ ಇರುವ ಒಂದು ಬಳೆಯಾಕಾರದ ಪಟ್ಟಿಯಲ್ಲಿ ವಾತಾವರಣಕ್ಕೆ ಬಡಿಯುತ್ತವೆ. ಸುಮಾರು 100 ಕಿ.ಮೀ. ಮೇಲೆ ಆಮ್ಲಜನಕ ಹಸಿರಾಗಿ ಹೊಳೆಯುತ್ತದೆ, ಇನ್ನೂ ಮೇಲೆ ಕೆಂಪಾಗಿ. ಉತ್ತರ ನಾರ್ವೆ, ಸ್ವೀಡನ್, ಫಿನ್ಲೆಂಡ್ ಆ ಪಟ್ಟಿಯ ಕೆಳಗೇ ಇವೆ. ಹಾಗಾಗಿ ಅಲ್ಲಿ ದೊಡ್ಡ ಸೌರ ಬಿರುಗಾಳಿಗೆ ಕಾಯಬೇಕಾಗಿಲ್ಲ. ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಅಂತ 0ರಿಂದ 9ರವರೆಗೆ ಹೇಳುವ ಕೆಪಿ ಅಂತ ಒಂದು ಸೂಚ್ಯಂಕ ಇದೆ. ಅದು 1 ಅಥವಾ 2 ಇದ್ದರೂ ಸಾಕು, ನಾರ್ವೆಯ ಟ್ರೊಮ್ಸೊ ಅಥವಾ ಸ್ವೀಡನ್‌ನ ಕಿರುನಾದ ಮೇಲೆ ಬೆಳಕು ಮೂಡಬಹುದು. ಅಡ್ಡ ಬರುವುದು ಮೋಡ ಮಾತ್ರ. ಫೋನಿನಲ್ಲಿ ಕೆಪಿ ನೋಡಿ ನೋಡಿ ತಲೆ ಕೆಡಿಸಿಕೊಳ್ಳುವ ಬದಲು ನಾರ್ವೆಯ ಹವಾಮಾನ ಸೇವೆ ‘ಯ್ರ್’ನಲ್ಲಿ ಮೋಡದ ನಕ್ಷೆ ನೋಡುವುದು ಜಾಸ್ತಿ ಉಪಯೋಗ.

ಇನ್ನೊಂದು ವಿಷಯ ಮನೆಯವರಿಗೆ ಮೊದಲೇ ಹೇಳಿಡಿ. ಅರೋರಾ ಮಂದವಾಗಿದ್ದಾಗ ಕಣ್ಣಿಗೆ ಹಸಿರು ಕಾಣುವುದಿಲ್ಲ, ತೆಳುವಾದ ಬೂದು ಪಟ್ಟಿಯಷ್ಟೇ ಕಾಣುತ್ತದೆ. ಕ್ಯಾಮೆರಾ ಕೆಲವು ಸೆಕೆಂಡ್ ಬೆಳಕನ್ನು ಕೂಡಿಸಿಕೊಳ್ಳುತ್ತದೆ, ಅದಕ್ಕೇ ಫೋಟೋದಲ್ಲಿ ಅಷ್ಟು ಬಣ್ಣ. ಜೋರಾಗಿ ಬಂದ ರಾತ್ರಿ ಮಾತ್ರ ಬರಿಗಣ್ಣಿಗೂ ಹಸಿರು, ಅಂಚಿನಲ್ಲಿ ಗುಲಾಬಿ. ಅದನ್ನು ಕಂಡವರು ಜನ್ಮದಲ್ಲಿ ಮರೆಯುವುದಿಲ್ಲ.

ಯಾವ ತಿಂಗಳು?

ಡಿಸೆಂಬರ್ ಅಂತ ಎಲ್ಲರಿಗೂ ಆಸೆ. ಆದರೆ ನಮ್ಮವರಿಗೆ ಡಿಸೆಂಬರ್ 16ರ ಹೊತ್ತಿಗೆ ಧನುರ್ಮಾಸ ಶುರು. ಸಂಕ್ರಾಂತಿವರೆಗೆ ಮದುವೆ ಮುಹೂರ್ತ ಇಲ್ಲ. ಟ್ರೊಮ್ಸೊದಲ್ಲಿ ಸೂರ್ಯ ಹುಟ್ಟದ ಕಾಲ ನವೆಂಬರ್ 27ರಿಂದ ಜನವರಿ 15ರವರೆಗೆ. ಎರಡೂ ಹೆಚ್ಚುಕಡಿಮೆ ಒಂದೇ ದಿನ ಮುಗಿಯುತ್ತವೆ! ಇದರ ಹಿಂದೆ ಸರಳ ಖಗೋಳ ಇದೆ. ಸೂರ್ಯ ಧನು ರಾಶಿಯಲ್ಲಿರುವಾಗ ಆಕಾಶದಲ್ಲಿ ತೀರಾ ದಕ್ಷಿಣದಲ್ಲಿರುತ್ತಾನೆ. ಅಷ್ಟು ಉತ್ತರದ ಊರಿನಲ್ಲಿ ರಾಶಿಚಕ್ರದ ಆ ಭಾಗ ದಿಗಂತದ ಮೇಲೆ ಏಳುವುದೇ ಇಲ್ಲ. ಸೂರ್ಯೋದಯವೂ ಇಲ್ಲ, ಕೆಲವು ಲಗ್ನಗಳೂ ಇಲ್ಲ. ಪಂಚಾಂಗ ನೋಡುವ ಮನೆಯಾದರೆ ಪುರೋಹಿತರ ಜೊತೆ ಈ ಮಾತು ಮೊದಲೇ ಆಡಿ. ‘ಅಲ್ಲಿನ ಅಕ್ಷಾಂಶಕ್ಕೆ ಲಗ್ನ ಹಾಕಿಕೊಡಿ’ ಅಂತ ಕೊನೇ ವಾರದಲ್ಲಿ ಕೇಳಿದರೆ ಅವರಿಗೂ ಕಷ್ಟ.

ಶಾಸ್ತ್ರ ಪಕ್ಕಕ್ಕಿಟ್ಟು ನೋಡಿದರೂ ನನ್ನ ಆಯ್ಕೆ ಜನವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ. ಹಿಮ ಗಟ್ಟಿಯಾಗಿ ಕೂತಿರುತ್ತದೆ. ಹಗಲಿನಲ್ಲಿ ಫೋಟೋಗೆ ಬೇಕಾದಷ್ಟು ಬೆಳಕು ಸಿಗುತ್ತದೆ, ಅದೂ ಓರೆಯಾಗಿ ಬೀಳುವ ಹೊನ್ನಿನ ಬೆಳಕು. ರಾತ್ರಿಯೂ ಸಾಕಷ್ಟು ಉದ್ದ. ಹಗಲು ರಾತ್ರಿ ಸಮವಾಗುವ ಮಾರ್ಚ್‌ನ ವಿಷುವದ ಹತ್ತಿರ ಅರೋರಾ ಸ್ವಲ್ಪ ಚುರುಕಾಗುತ್ತದೆ ಕೂಡ. ಸುತ್ತುವರಿದ ಕತ್ತಲೆಯೇ ಬೇಕು, ಮಧ್ಯಾಹ್ನದ ನೀಲಿ ಮಬ್ಬಿನಲ್ಲೇ ಮದುವೆ ಆಗಬೇಕು ಅನ್ನುವವರು ಡಿಸೆಂಬರ್‌ಗೆ ಹೋಗಲಿ. ಆದರೆ ಕ್ರಿಸ್‌ಮಸ್ ಸಮಯದಲ್ಲಿ ಫಿನ್ಲೆಂಡ್‌ನ ರೊವಾನಿಯೆಮಿಯ ದರ ಕೇಳಿದರೆ ಎದೆ ಒಡೆಯುತ್ತದೆ. ಫೆಬ್ರವರಿ ಮಧ್ಯದಿಂದ ಮಾರ್ಚ್ ಆರಂಭದವರೆಗೆ ಅಲ್ಲಿನ ಶಾಲೆಗಳಿಗೆ ಚಳಿಗಾಲದ ರಜೆ. ಆಗಲೂ ರೂಮು ಸಿಗುವುದು ಕಷ್ಟ, ವಾರ ನೋಡಿ ಬುಕ್ ಮಾಡಿ.

ಟ್ರೊಮ್ಸೊ: ಊರೂ ಬೇಕು, ಸಮುದ್ರವೂ ಬೇಕು ಅನ್ನುವವರಿಗೆ

ಆರ್ಕ್ಟಿಕ್ ವೃತ್ತದಿಂದ ಸುಮಾರು 350 ಕಿ.ಮೀ. ಉತ್ತರಕ್ಕಿದ್ದರೂ ಟ್ರೊಮ್ಸೊದ ಚಳಿ ಅಷ್ಟು ಕ್ರೂರವಲ್ಲ. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹದಿಂದಾಗಿ ಜನವರಿಯ ಸರಾಸರಿ ಮೈನಸ್ 4ರ ಆಸುಪಾಸು. ಸೀರೆ ಉಟ್ಟು ಹತ್ತು ನಿಮಿಷ ಹೊರಗೆ ನಿಲ್ಲಬಹುದಾದ ಚಳಿ. ಒಳ್ಳೆ ಹೋಟೆಲುಗಳಿವೆ, ಆಸ್ಪತ್ರೆ ಇದೆ, ವಿಶ್ವವಿದ್ಯಾಲಯ ಇದೆ, ಓಸ್ಲೊದಿಂದ ಎರಡು ಗಂಟೆಯೊಳಗೆ ವಿಮಾನ. ಸೇತುವೆಯ ಆಚೆ 1965ರಲ್ಲಿ ಕಟ್ಟಿದ ಆರ್ಕ್ಟಿಕ್ ಕೆಥೆಡ್ರಲ್‌ನ ಬಿಳಿ ತ್ರಿಕೋನಗಳು ಹೊಳೆಯುತ್ತವೆ. ಅಲ್ಲೇ ಹತ್ತಿರದಿಂದ ಕೇಬಲ್ ಕಾರ್ ಹತ್ತಿದರೆ 421 ಮೀಟರ್ ಎತ್ತರದ ಸ್ಟೋರ್‌ಸ್ಟೈನೆನ್. ಇಡೀ ಊರಿನ ದೀಪಗಳು, ಸುತ್ತ ಫಿಯೋರ್ಡ್ (ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರ), ಅದರಾಚೆ ಹಿಮದ ಬೆಟ್ಟಗಳು. ಅರೋರಾ ಇಲ್ಲದೆಯೂ ಆಲ್ಬಮ್ ತುಂಬುವ ಜಾಗ.

ಜನವರಿ 21ರ ಹೊತ್ತಿಗೆ ಬೆಟ್ಟದ ಮೇಲಿಂದ ಸೂರ್ಯ ಮತ್ತೆ ಇಣುಕಿದಾಗ ಊರಿನವರು ಸೂರ್ಯನ ದಿನ ಆಚರಿಸಿ, ‘ಸೂಲ್‌ಬೊಲ್ಲೆ’ ಅನ್ನುವ ಸಿಹಿ ಬನ್ನು ತಿನ್ನುತ್ತಾರೆ. ಆ ವಾರದಲ್ಲಿ ಮದುವೆ ಇಟ್ಟುಕೊಂಡರೆ ನೆಂಟರಿಗೆ ಹಂಚಲು ಇದಕ್ಕಿಂತ ಒಳ್ಳೆ ಸಿಹಿ ಬೇಕಾ?

ತೊಂದರೆ ಏನೆಂದರೆ ಮೋಡ. ಚಳಿಯನ್ನು ತಗ್ಗಿಸುವ ಅದೇ ಸಮುದ್ರ ಮೋಡವನ್ನೂ ತರುತ್ತದೆ. ಅದಕ್ಕೇ ಅಲ್ಲಿನ ಗೈಡ್‌ಗಳು ವ್ಯಾನಿನಲ್ಲಿ ಜನರನ್ನು ಕೂರಿಸಿಕೊಂಡು ತಿಳಿಯಾದ ಆಕಾಶ ಹುಡುಕುತ್ತಾ ಒಳನಾಡಿಗೆ, ಕೆಲವೊಮ್ಮೆ ಫಿನ್ಲೆಂಡ್ ಗಡಿವರೆಗೂ ಓಡಿಸುತ್ತಾರೆ. ಗಂಡು ಹೆಣ್ಣು ಇಬ್ಬರೇ ಆದರೆ ಅದೊಂದು ಸಾಹಸ. ಅರವತ್ತು ದಾಟಿದ ಬೀಗರನ್ನು ಕೂರಿಸಿಕೊಂಡು ರಾತ್ರಿ ಎರಡು ಗಂಟೆವರೆಗೆ ಓಡುವುದು ಬೇರೆ ಮಾತು.

ನಾರ್ವೆಯೇ ಬೇಕು, ಮೋಡ ಬೇಡ ಅನ್ನುವವರು ಆಲ್ಟಾ ನೋಡಿ. ಟ್ರೊಮ್ಸೊಗಿಂತ ಒಣ ಹವೆ. 1899ರಲ್ಲಿ ಅರೋರಾ ಅಧ್ಯಯನಕ್ಕೆಂದೇ ಅಲ್ಲಿನ ಹಾಲ್ಡೆ ಬೆಟ್ಟದ ಮೇಲೆ ವೀಕ್ಷಣಾಲಯ ಕಟ್ಟಿದರು. ನದಿ ದಂಡೆಯಲ್ಲಿ ಪ್ರತಿ ಚಳಿಗಾಲ ಮಂಜಿನ ಹೋಟೆಲ್ ಏಳುತ್ತದೆ. ಊರು ಚಿಕ್ಕದು, ಅಷ್ಟೆ.

ಫಿನ್ಲೆಂಡ್‌ನ ಲ್ಯಾಪ್‌ಲ್ಯಾಂಡ್: ಕುಟುಂಬ ಸಮೇತ ಹೋಗುವವರಿಗೆ

ಅಜ್ಜಿ, ಮೊಮ್ಮಕ್ಕಳು, ಚಿಕ್ಕಪ್ಪ, ಅತ್ತೆ ಎಲ್ಲರೂ ಬರುತ್ತಾರೆ ಅಂದರೆ ಇಲ್ಲಿಗೇ ಹೋಗಿ. ಪ್ರವಾಸದ ವ್ಯವಸ್ಥೆ ಅಷ್ಟು ಚೆನ್ನಾಗಿದೆ. ರೊವಾನಿಯೆಮಿ ಆರ್ಕ್ಟಿಕ್ ವೃತ್ತದ ಪಕ್ಕದಲ್ಲೇ ಇದೆ. ಹೆಲ್ಸಿಂಕಿಯಿಂದ ಒಂದೂವರೆ ಗಂಟೆಯೊಳಗೆ ವಿಮಾನ, ಇಲ್ಲವೇ ರಾತ್ರಿ ರೈಲು ಹತ್ತಿ ಮಲಗಿದರೆ ಬೆಳಗ್ಗೆ ಅಲ್ಲಿ. ಮಕ್ಕಳಿಗೆ ಸಾಂಟಾ ಊರು, ದೊಡ್ಡವರಿಗೆ ಸೌನಾ, ಅಂದರೆ ಬಿಸಿ ಹಬೆಯ ಕೋಣೆ. ಓಡಾಟ ಎಲ್ಲ ಸಮತಟ್ಟು ನೆಲದಲ್ಲಿ. ರೊವಾನಿಯೆಮಿ ಹತ್ತಿರದ ಲೆಹ್ತೊಯಾರ್ವಿಯಲ್ಲಿ, ಇನ್ನೂ ಉತ್ತರದ ಲೈನಿಯೊದಲ್ಲಿ ಪ್ರತಿ ವರ್ಷ ಹಿಮದ ಹೋಟೆಲ್ ಕಟ್ಟಿ ಅದರೊಳಗೆ ಮದುವೆಗೆಂದು ಹಿಮದ ಚಾಪೆಲ್ (ಪುಟ್ಟ ಪ್ರಾರ್ಥನಾ ಮಂದಿರ) ಮಾಡುತ್ತಾರೆ.

ಆದರೆ ಅರೋರಾ ಲೆಕ್ಕದಲ್ಲಿ ರೊವಾನಿಯೆಮಿ ಸ್ವಲ್ಪ ಹಿಂದೆ. ಪಟ್ಟಿಯ ದಕ್ಷಿಣದ ಅಂಚು, ಮೇಲಾಗಿ ಊರಿನ ದೀಪಗಳು. ಇನ್ನೂ 250 ಕಿ.ಮೀ. ಉತ್ತರಕ್ಕೆ, ಇವಾಲೊ ವಿಮಾನ ನಿಲ್ದಾಣದ ಪಕ್ಕದ ಸಾರಿಸೆಲ್ಕಾ ಕಡೆ ಹೋದರೆ ಕತ್ತಲೆ ಗಾಢ. ಗಾಜಿನ ಇಗ್ಲೂಗಳಿಗೆ ಹೆಸರಾದ ಜಾಗ ಅದು. ಗಾಜಿಗೆ ಶಾಖ ಕೊಡುವುದರಿಂದ ಮೇಲೆ ಮಂಜು ಕಟ್ಟುವುದಿಲ್ಲ. ಹಾಸಿಗೆಯಲ್ಲಿ ಮಲಗಿಯೇ ಆಕಾಶ ಕಾಯಬಹುದು. ವಯಸ್ಸಾದವರಿಗೆ ಇದು ದೊಡ್ಡ ಅನುಕೂಲ. ಮೈನಸ್ 25ರಲ್ಲಿ ಯಾರೂ ಹೊರಗೆ ನಿಂತು ಕಾಯಬೇಕಾಗಿಲ್ಲ.

ನಮ್ಮ ಮದುವೆಗೆ ಫಿನ್ಲೆಂಡ್‌ನಲ್ಲಿ ಇನ್ನೊಂದು ಅನುಕೂಲ ಇದೆ. ‘ಕೋತಾ’ ಅಂತ ಮರದ ಗುಡಿಸಲು. ನಡುವೆ ಬೆಂಕಿಗುಂಡಿ, ಮೇಲೆ ಹೊಗೆ ಹೋಗಲು ಕಿಂಡಿ, ಸುತ್ತ ಬೆಂಚು. ಹಿಮದ ಚಾಪೆಲ್‌ನಲ್ಲಿ ಹೋಮ ಮಾಡಲು ಆಗುವುದಿಲ್ಲ, ಕಾರಣ ಹೇಳಬೇಕಾಗಿಲ್ಲ ಅಲ್ವಾ? ಕೋತಾದಲ್ಲಿ ಬೆಂಕಿ ಇದ್ದೇ ಇರುತ್ತದೆ. ಹದಿನೈದು ಇಪ್ಪತ್ತು ಜನ ಸುತ್ತ ಕೂತರೆ ಸಪ್ತಪದಿಗೆ ಅಗ್ನಿಸಾಕ್ಷಿ ತಾನಾಗೇ ಸಿಕ್ಕಿತು. ಗುಂಡಿಯ ಸುತ್ತ ನಡೆಯುವಷ್ಟು ಜಾಗ ಬಿಟ್ಟಿದ್ದಾರಾ ಅಂತ ಮಾತ್ರ ಬುಕ್ ಮಾಡುವ ಮುಂಚೆ ಅಳತೆ ಕೇಳಿ. ಎಲ್ಲ ಕೋತಾಗಳೂ ಒಂದೇ ಗಾತ್ರ ಇರುವುದಿಲ್ಲ.

ಕಿರುನಾ, ಯುಕಾಸ್‌ಯಾರ್ವಿ, ಅಬಿಸ್ಕೊ: ನನ್ನ ಆಯ್ಕೆ

ಸ್ವೀಡನ್‌ನ ಈ ಮೂಲೆ ನನಗೆ ಎಲ್ಲಕ್ಕಿಂತ ಇಷ್ಟ. ಕಬ್ಬಿಣದ ಗಣಿ ಊರಿನ ಅಡಿಗೇ ನುಗ್ಗಿದ್ದರಿಂದ ಕಿರುನಾ ಇಡೀ ಊರನ್ನೇ ಬೇರೆಡೆಗೆ ಸರಿಸುತ್ತಿದ್ದಾರೆ. 1912ರ ಮರದ ಚರ್ಚನ್ನು 2025ರ ಆಗಸ್ಟ್‌ನಲ್ಲಿ ಬಿಚ್ಚದೆ, ಇದ್ದ ಹಾಗೇ ಚಕ್ರದ ಮೇಲಿಟ್ಟು ಸುಮಾರು 5 ಕಿ.ಮೀ. ಸಾಗಿಸಿದರು. ಎರಡು ದಿನ ಹಿಡಿಯಿತು. ಚರ್ಚ್ ಮದುವೆ ಬಯಸುವವರಿಗೆ ಒಂದು ಮಾತು: ‘ಚರ್ಚ್ ಆಫ್ ಸ್ವೀಡನ್’ ಸಂಸ್ಥೆಯ ಚರ್ಚಿನಲ್ಲಿ ಮದುವೆ ಆಗಲು ಇಬ್ಬರಲ್ಲಿ ಒಬ್ಬರಾದರೂ ಆ ಸಂಸ್ಥೆಯ ಸದಸ್ಯರಾಗಿರಬೇಕು.

ಕಿರುನಾದಿಂದ ಹದಿನೇಳು ಕಿ.ಮೀ. ದೂರ ಯುಕಾಸ್‌ಯಾರ್ವಿ. ಟೋರ್ನೆ ನದಿ ದಂಡೆಯ ಪುಟ್ಟ ಹಳ್ಳಿ. ಪ್ರಸಿದ್ಧ ಐಸ್‌ಹೋಟೆಲ್ ಇಲ್ಲಿದೆ. ವಸಂತದ ಆರಂಭದಲ್ಲಿ ನದಿಯಿಂದ ಮಂಜುಗಡ್ಡೆಯ ದೊಡ್ಡ ದೊಡ್ಡ ಇಟ್ಟಿಗೆ ಕೊಯ್ದು ಗೋದಾಮಿನಲ್ಲಿಟ್ಟು, ಮುಂದಿನ ಚಳಿಗಾಲಕ್ಕೆ ಅದರಿಂದಲೇ ಹೋಟೆಲ್ ಕಟ್ಟುತ್ತಾರೆ. ಏಪ್ರಿಲ್ ದಾಟಿದರೆ ಅದು ಕರಗಿ ಮತ್ತೆ ನದಿ ಸೇರುತ್ತದೆ. ಪ್ರತಿ ವರ್ಷ ಬೇರೆ ಬೇರೆ ಕಲಾವಿದರು ಕೋಣೆಗಳನ್ನು ಕೆತ್ತುತ್ತಾರೆ. ಹಾಗಾಗಿ ನೀವು ಮದುವೆಯಾದ ಮಂಟಪ ಮುಂದಿನ ವರ್ಷ ಇನ್ನೊಬ್ಬರಿಗೆ ಸಿಗುವುದಿಲ್ಲ. ಮದುವೆಗೆಂದೇ ಮಂಜಿನ ಸಭಾಂಗಣ ಇದೆ. ನದಿಯ ನೀರು ನಿಧಾನವಾಗಿ ಗಟ್ಟಿಯಾದ್ದರಿಂದ ಆ ಮಂಜು ಗಾಜಿನಷ್ಟು ತಿಳಿ, ಒಳಗೆ ಅಲ್ಲೊಂದು ಇಲ್ಲೊಂದು ಗಾಳಿಗುಳ್ಳೆ. ಬೆಳಕು ಗೋಡೆಯ ಮೂಲಕ ನೀಲಿಯಾಗಿ ಇಳಿಯುತ್ತದೆ. ಕುಂಕುಮ ಬಣ್ಣದ ರೇಷ್ಮೆ ಆ ನೀಲಿಯಲ್ಲಿ ಹೇಗೆ ಎದ್ದು ಕಾಣುತ್ತದೆ ಅಂತ ಊಹಿಸಿ ನೋಡಿ. ಹೊರಗೆ ಮೈನಸ್ 25 ಇದ್ದರೂ ಒಳಗೆ ಮೈನಸ್ 5ರ ಆಸುಪಾಸು. ಗಾಳಿ ಇಲ್ಲದ್ದರಿಂದ ಅಷ್ಟು ಚಳಿ ಅನಿಸುವುದಿಲ್ಲ.

ಅಲ್ಲಿಂದ ಪಶ್ಚಿಮಕ್ಕೆ ಸುಮಾರು 100 ಕಿ.ಮೀ. ಹೋದರೆ ಅಬಿಸ್ಕೊ. ಅಟ್ಲಾಂಟಿಕ್‌ನಿಂದ ಬರುವ ಮೋಡಗಳು ನಾರ್ವೆಯ ಬೆಟ್ಟಗಳ ಆ ಕಡೆಯೇ ಸುರಿದು ಹಗುರಾಗುತ್ತವೆ. ಈ ಕಡೆ ಮಳೆನೆರಳು. ಘಟ್ಟದ ಅಂಚಿನಲ್ಲಿ ಆಗುಂಬೆ, ಈಚೆ ಒಳನಾಡಿನಲ್ಲಿ ಚಿತ್ರದುರ್ಗ ಇದ್ದ ಹಾಗೆ. ವರ್ಷಕ್ಕೆ ಬೀಳುವ ಮಳೆ ಹಿಮ ಎಲ್ಲ ಸೇರಿ ಸುಮಾರು 300 ಮಿ.ಮೀ. ಮಾತ್ರ. ಸ್ವೀಡನ್‌ನ ಅತಿ ಒಣ ಜಾಗಗಳಲ್ಲಿ ಇದೂ ಒಂದು. ಟೋರ್ನೆತ್ರೆಸ್ಕ್ ಸರೋವರದ ಮೇಲೆ ಆಗಾಗ ಕಾಣುವ ತಿಳಿ ಆಕಾಶಕ್ಕೆ ‘ನೀಲಿ ಕಿಂಡಿ’ ಅಂತಲೇ ಹೆಸರು. ಅರೋರಾ ಕಾಣುವ ಸಾಧ್ಯತೆಯನ್ನೇ ತೂಗಿದರೆ ಈ ಹೋಲಿಕೆಯಲ್ಲಿ ಅಬಿಸ್ಕೊಗೆ ಸಾಟಿ ಇಲ್ಲ. ನುವೋಲ್ಯಾ ಬೆಟ್ಟದ ಮೇಲೆ, 900 ಮೀಟರ್ ಎತ್ತರದಲ್ಲಿ ವೀಕ್ಷಣಾ ಕೇಂದ್ರವೂ ಇದೆ. ಆದರೆ ಹತ್ತುವುದು ತೆರೆದ ಕುರ್ಚಿ ಲಿಫ್ಟ್‌ನಲ್ಲಿ, ಗಾಳಿ ಜೋರಾದರೆ ನಿಲ್ಲಿಸಿಬಿಡುತ್ತಾರೆ. ಮದುವೆ ಸೀರೆಯಲ್ಲಿ ಅದರ ಸಹವಾಸ ಬೇಡ.

ಹಾಗಾಗಿ ನಾನು ಹೇಳುವುದು ಇಷ್ಟು. ಮದುವೆ ಯುಕಾಸ್‌ಯಾರ್ವಿಯಲ್ಲಿ, ಮಧ್ಯಾಹ್ನದ ಬೆಳಕಿನಲ್ಲಿ. ಆಮೇಲೆ ಎರಡು ರಾತ್ರಿ ಅಬಿಸ್ಕೊದಲ್ಲಿ, ಬರೀ ಆಕಾಶಕ್ಕಾಗಿ. ಶಾಸ್ತ್ರವನ್ನೂ ಅರೋರಾವನ್ನೂ ಒಂದೇ ಗಂಟೆಗೆ ಗಂಟು ಹಾಕಲು ಹೋದರೆ ಎರಡೂ ಹಾಳು. ಅರೋರಾ ಸಾಮಾನ್ಯವಾಗಿ ರಾತ್ರಿ ಒಂಬತ್ತರಿಂದ ಎರಡು ಗಂಟೆಯ ನಡುವೆ ಜೋರು. ಅಷ್ಟು ಹೊತ್ತು ನೆಂಟರನ್ನು ಕಾಯಿಸುವುದು ನ್ಯಾಯವಲ್ಲ. ಮಧ್ಯಾಹ್ನದ ಮದುವೆಗೆ ಇನ್ನೊಂದು ಲಾಭ: ಅಲ್ಲಿ ಎರಡು ಗಂಟೆ ಅಂದರೆ ಇಲ್ಲಿ ಸಂಜೆ ಆರೂವರೆ. ಬರಲಾಗದ ಅಜ್ಜ ಅಜ್ಜಿ ಮನೆಯಲ್ಲೇ ಕೂತು ವಿಡಿಯೋದಲ್ಲಿ ಅಕ್ಷತೆ ಹಾಕಬಹುದು.

ಈ ಭಾಗದ ಕೊರತೆ ಅಂದರೆ ಚಳಿ ಮತ್ತು ದೂರ. ಒಳನಾಡಾದ್ದರಿಂದ ಮೈನಸ್ 30 ಕೂಡ ಅಪರೂಪವಲ್ಲ. ಸ್ಟಾಕ್‌ಹೋಮ್‌ನಿಂದ ವಿಮಾನಗಳು ಕಡಿಮೆ, ರಾತ್ರಿ ರೈಲು ಉದ್ದ. ಹಿರಿಯರನ್ನು ಹಿಮದಲ್ಲಿ ನಡೆಸಬೇಡಿ. ಆ ಕಡೆ ಕಾಲಿನಿಂದ ತಳ್ಳುವ, ಮುಂದೆ ಕುರ್ಚಿ ಇರುವ ಜಾರುಬಂಡಿ ಸಿಗುತ್ತದೆ. ಅಲ್ಲಿನ ಅಜ್ಜಿಯರು ಅದನ್ನೇ ಹಿಡಿದು ಅಂಗಡಿಗೆ ಹೋಗುತ್ತಾರೆ. ನಿಮ್ಮ ಅಮ್ಮನನ್ನು ಅದರಲ್ಲಿ ಕೂರಿಸಿ, ಕಂಬಳಿ ಹೊದಿಸಿ, ಮಂಟಪದವರೆಗೆ ತಳ್ಳಿಕೊಂಡು ಹೋಗಿ.

ಐಸ್‌ಲ್ಯಾಂಡ್ ಮತ್ತು ಸ್ವಾಲ್ಬಾರ್ಡ್ ಬಗ್ಗೆಯೂ ಕೇಳುತ್ತಾರೆ. ಐಸ್‌ಲ್ಯಾಂಡ್‌ನ ಮುಖ್ಯ ಭೂಮಿ ಆರ್ಕ್ಟಿಕ್ ವೃತ್ತದ ಹೊರಗೇ ಇದೆ, ಗ್ರಿಮ್ಸೆ ದ್ವೀಪ ಮಾತ್ರ ಅದನ್ನು ಮುಟ್ಟುತ್ತದೆ. ಆದರೂ ಅರೋರಾ ಕಾಣುತ್ತದೆ. ಅರ್ಧ ನೆಂಟರು ಅಮೆರಿಕದಲ್ಲಿದ್ದರೆ ನೇರ ವಿಮಾನಗಳಿರುವುದರಿಂದ ಅನುಕೂಲ. ಚಳಿಗಾಲದ ಬಿರುಗಾಳಿಗೆ ರಸ್ತೆಗಳು ಇದ್ದಕ್ಕಿದ್ದಂತೆ ಮುಚ್ಚುತ್ತವೆ, ಒಂದು ದಿನ ಕೈಯಲ್ಲಿಟ್ಟುಕೊಂಡೇ ಯೋಜಿಸಿ. ಸ್ವಾಲ್ಬಾರ್ಡ್ ನಾರ್ವೆಗೆ ಸೇರಿದ ದ್ವೀಪಗಳ ಗುಂಪು, 78 ಡಿಗ್ರಿ ಉತ್ತರ. ಊರು ದಾಟಿದರೆ ಹಿಮಕರಡಿ. ಸ್ವಾಲ್ಬಾರ್ಡ್‌ಗೆ ವೀಸಾ ಬೇಡ, ಆದರೆ ನಾರ್ವೆ ಮೂಲಕ ಹೋಗಿ ಬರಲು ಎರಡು ಬಾರಿ ಪ್ರವೇಶದ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ) ಬೇಕು. ಇಬ್ಬರೇ ಹೋಗುವ ಗಟ್ಟಿಗರಿಗೆ ಸರಿ, ಮದುವೆ ದಿಬ್ಬಣಕ್ಕಲ್ಲ.

ಕಾಗದಪತ್ರ

ನಾರ್ವೆ, ಸ್ವೀಡನ್, ಫಿನ್ಲೆಂಡ್ ಮೂರರಲ್ಲೂ ಮದುವೆಗೆ ಮೊದಲು ‘ಅಡ್ಡಿ ಇಲ್ಲ’ ಅನ್ನುವ ಪರಿಶೀಲನೆ ಆಗಬೇಕು. ನಾರ್ವೆ, ಸ್ವೀಡನ್‌ಗಳಲ್ಲಿ ತೆರಿಗೆ ಇಲಾಖೆ ಇದನ್ನು ಮಾಡುತ್ತದೆ, ಫಿನ್ಲೆಂಡ್‌ನಲ್ಲಿ ಜನಸಂಖ್ಯಾ ದಾಖಲೆಗಳ ಸಂಸ್ಥೆ. ಸಿಕ್ಕ ಪ್ರಮಾಣಪತ್ರ ನಾಲ್ಕು ತಿಂಗಳು ಊರ್ಜಿತ. ಅದಕ್ಕೆ ನೀವು ಅವಿವಾಹಿತರೆಂಬ ದಾಖಲೆ, ಅದರ ಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ (ದಾಖಲೆ ಅಸಲಿ ಅನ್ನುವ ಮುದ್ರೆ), ಇಬ್ಬರು ಸಾಕ್ಷಿಗಳು. ಮಾಡಬಹುದು, ಆದರೆ ಮದುವೆ ತಯಾರಿಯ ನಡುವೆ ಈ ಓಡಾಟ ಯಾಕೆ? ಕಾನೂನಿನ ಮದುವೆ ಇಲ್ಲೇ ನೋಂದಣಿ ಮಾಡಿಸಿಕೊಂಡು, ಅಲ್ಲಿ ಶಾಸ್ತ್ರ ಮಾತ್ರ ಇಟ್ಟುಕೊಳ್ಳಿ. ಶಾಸ್ತ್ರಕ್ಕೆ ಮೊದಲೇ ನೋಂದಣಿ ಮಾಡಿಸಲು 1954ರ ವಿಶೇಷ ವಿವಾಹ ಕಾಯ್ದೆ ಇದೆ, 30 ದಿನದ ನೋಟಿಸ್ ಲೆಕ್ಕ ಹಾಕಿಕೊಳ್ಳಿ. ಒಂದೇ ಲಿಂಗದ ಜೋಡಿಗಳ ಮಾತು ಬೇರೆ. ಭಾರತದಲ್ಲಿ ಆ ಮದುವೆಗೆ ಮಾನ್ಯತೆ ಇಲ್ಲ, ಈ ಮೂರೂ ದೇಶಗಳಲ್ಲಿ ಇದೆ. ಅವರು ಅಲ್ಲಿನ ಕಾಗದವನ್ನೇ ಮಾಡಿಸಿಕೊಳ್ಳಲಿ, ಅಲ್ಲಿ ಅದಕ್ಕೆ ಪೂರ್ತಿ ಬೆಲೆ ಇದೆ.

ವೀಸಾಗೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ದೊಡ್ಡವರಿಗೆ ಶುಲ್ಕ 90 ಯೂರೋ. 30,000 ಯೂರೋ ಮೊತ್ತದ ವಿಮೆ ಕಡ್ಡಾಯ. ಜಾಸ್ತಿ ರಾತ್ರಿ ಯಾವ ದೇಶದಲ್ಲಿ ಕಳೆಯುತ್ತೀರೋ ಆ ದೇಶಕ್ಕೇ ಅರ್ಜಿ. ಎಲ್ಲ ನೆಂಟರದ್ದೂ ಒಂದೇ ದೇಶ, ಒಂದೇ ದಿನಾಂಕ ಇರಲಿ.

ತೆಂಗಿನಕಾಯಿ, ಸೀರೆ, ಊಟ

ಫಿನ್ಲೆಂಡ್, ಸ್ವೀಡನ್ ಐರೋಪ್ಯ ಒಕ್ಕೂಟದ ದೇಶಗಳು. ಹೊರಗಿನಿಂದ ತರುವ ಗಿಡ, ಹೂವು, ಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಐದಕ್ಕೆ ಮಾತ್ರ ವಿನಾಯಿತಿ: ಅನಾನಸ್, ತೆಂಗಿನಕಾಯಿ, ದುರಿಯನ್, ಬಾಳೆಹಣ್ಣು, ಖರ್ಜೂರ. ತೆಂಗಿನಕಾಯಿ, ಬಾಳೆಹಣ್ಣು ಎರಡೂ ಪಾಸು! ವೀಳ್ಯದೆಲೆ, ಮಾವಿನ ಸೊಪ್ಪು, ಮಲ್ಲಿಗೆ, ಕರಿಬೇವು ಇಲ್ಲ. ಹಾಲಿನ ಪದಾರ್ಥವೂ ಇಲ್ಲ, ಅಂದರೆ ತುಪ್ಪ, ಪೇಡ ಮನೆಯಲ್ಲೇ ಬಿಡಿ. ಅಲ್ಲಿ ಬೆಣ್ಣೆ ಸಿಗುತ್ತದೆ, ಕಾಯಿಸಿಕೊಂಡರೆ ಆಯಿತು. ತಾಜಾ ಹೂವು ತಂದರೂ ಮೈನಸ್ 20ರಲ್ಲಿ ಕೆಲವೇ ನಿಮಿಷಕ್ಕೆ ಕಪ್ಪಾಗುತ್ತದೆ. ಹೊರಗಿನ ಫೋಟೋಗೆ ಬಟ್ಟೆಯ ಹೂವೇ ಇರಲಿ.

ಸೀರೆಯೊಳಗೆ ಮೆರಿನೊ ಉಣ್ಣೆಯ ಥರ್ಮಲ್, ತುಂಬುತೋಳಿನ ರವಿಕೆ, ನೆರಿಗೆಯ ಕೆಳಗೆ ಬೆಚ್ಚಗಿನ ಬೂಟು. ಯಾರಿಗೂ ಕಾಣುವುದಿಲ್ಲ. ಒಡವೆ ಬಗ್ಗೆ ಎಚ್ಚರ. ಲೋಹ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಜುಮುಕಿ ಹಾಕಿದ ಕಿವಿ ಮೊದಲು ಮರಗಟ್ಟುತ್ತದೆ. ತಾಳಿ ಕಟ್ಟುವುದು ಒಳಗಿರಲಿ, ಹೊರಗೆ ಹೋಗುವಾಗ ಅದು ರವಿಕೆಯೊಳಗಿರಲಿ. ಕ್ಯಾಮೆರಾ ಬ್ಯಾಟರಿ ಒಳಜೇಬಿನಲ್ಲಿ. ಹೊರಗಿನಿಂದ ಒಳಗೆ ತರುವಾಗ ಕ್ಯಾಮೆರಾವನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ತನ್ನಿ, ಇಲ್ಲದಿದ್ದರೆ ಲೆನ್ಸ್ ಬೆವರುತ್ತದೆ. ಅರೋರಾ ಫೋಟೋಗೆ ಇಬ್ಬರೂ ಕೆಲವು ಸೆಕೆಂಡ್ ಅಲುಗಾಡದೆ ನಿಲ್ಲಬೇಕು, ಮನೆಯಲ್ಲೇ ಅಭ್ಯಾಸ ಮಾಡಿ.

ಅಲ್ಲಿನ ಊಟದಲ್ಲಿ ಹಿಮಸಾರಂಗ, ಮೀನು ಜಾಸ್ತಿ. ಸಸ್ಯಾಹಾರ ಬೇಕಾದರೆ ಬುಕಿಂಗ್ ದಿನವೇ ಬರೆದು ತಿಳಿಸಿ. ‘ಮೀನಿನ ಸಾರವೂ ಬೇಡ’ ಅಂತ ಬಿಡಿಸಿ ಬರೆಯಿರಿ.

ಇನ್ನೊಂದು ಮಾತು. ಈ ನೆಲ ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನರದ್ದು. ಅವರ ‘ಗಾಕ್ತಿ’ ಉಡುಪು ಮನೆತನ, ಊರು ಹೇಳುವ ಉಡುಪು. ಅದನ್ನು ಬಾಡಿಗೆಗೆ ತಂದು ಫೋಟೋಗೆ ಹಾಕಿಕೊಳ್ಳಬೇಡಿ. ಹಿಮಸಾರಂಗದ ಬಂಡಿ ಬೇಕಿದ್ದರೆ ಸಾಮಿ ಕುಟುಂಬವೇ ನಡೆಸುವ ಕಡೆ ಕೇಳಿ, ದುಡ್ಡು ಅವರಿಗೇ ಹೋಗಲಿ.

ಕೊನೆಗೆ, ಕೆಲಸದ ಕ್ರಮ. ಮೊದಲು ಪುರೋಹಿತರಿಂದ ಸಂಕ್ರಾಂತಿಯ ನಂತರದ ಎರಡು ಮೂರು ದಿನಾಂಕ. ಆಮೇಲೆ ಬರುವವರ ಪಟ್ಟಿ, ಮೂವತ್ತರೊಳಗೆ. ಉಳಿದವರಿಗೆಲ್ಲ ಊರಲ್ಲಿ ಆರತಕ್ಷತೆ. ಪಟ್ಟಿಯಲ್ಲಿ ಎಪ್ಪತ್ತು ದಾಟಿದವರು, ಪುಟ್ಟ ಮಕ್ಕಳು ಇದ್ದರೆ ಸಾರಿಸೆಲ್ಕಾ. ಸ್ನೇಹಿತರೇ ಜಾಸ್ತಿ ಇದ್ದು, ಊರಿನ ಓಡಾಟವೂ ಬೇಕಿದ್ದರೆ ಟ್ರೊಮ್ಸೊ. ಆಕಾಶವೇ ಮುಖ್ಯ ಅಂದರೆ ಯುಕಾಸ್‌ಯಾರ್ವಿ ಮತ್ತು ಅಬಿಸ್ಕೊ. ಎಲ್ಲಿಗೆ ಹೋದರೂ ನಾಲ್ಕು ರಾತ್ರಿ ಇಡಿ, ಮದುವೆ ಎರಡನೇ ದಿನ. ಮೊದಲ ದಿನ ಸುಸ್ತು, ಕಳೆದುಹೋದ ಸೂಟ್‌ಕೇಸು ಇದಕ್ಕೆಲ್ಲ ಬೇಕಾಗುತ್ತದೆ. ಸೀರೆ, ಪಂಚೆ, ತಾಳಿ ಮಾತ್ರ ಕೈಚೀಲದಲ್ಲೇ ಇರಲಿ.